ಸಹಾಯಾರ್ಥ ಸವಾರಿ: ಹೆಬ್ಬಾಳದಿಂದ ನಂದಿವರೆಗಿನ ಮುಯ್ಯಿ ಲೆಕ್ಕ

ಸಹಾಯಾರ್ಥ ಸವಾರಿ ಎಂದರೆ ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಲೆಂದು ಹತ್ತಾರು ಜನ ಒಟ್ಟಾಗಿ ಸೈಕಲ್ಲನ್ನೋ ಬೈಕನ್ನೋ ಗೊತ್ತುಮಾಡಿದ ದೂರ ಓಡಿಸುವುದು. ಶಾಲೆ, ಆಸ್ಪತ್ರೆ, ಪ್ರಾಣಿಗಳ ಆಶ್ರಯಧಾಮ, ಯಾವುದೋ ಮಗುವಿನ ಶಸ್ತ್ರಚಿಕಿತ್ಸೆ, ಹೀಗೆ ಉದ್ದೇಶ ಯಾವುದೂ ಇರಬಹುದು. ಹೊರಡುವ ಮೊದಲು ಸವಾರರು ನೆಂಟರಿಷ್ಟರನ್ನು, ಆಫೀಸಿನವರನ್ನು, ಹಳೆಯ ಸಹಪಾಠಿಗಳನ್ನು ಕೇಳುತ್ತಾರೆ: ನಾನು ಇಷ್ಟು ದೂರ ಹೋಗುತ್ತೇನೆ, ನೀವು ಕೈಲಾದಷ್ಟು ಕೊಡಿ. ಯೋಚಿಸಿದರೆ ಇದೊಂದು ವಿಚಿತ್ರ ಒಪ್ಪಂದ. ಯಾರೋ ನಂದಿ ಬೆಟ್ಟ ಹತ್ತಿದ ಮಾತ್ರಕ್ಕೆ ಶಾಲೆಯ ಮಗುವಿನ ತಟ್ಟೆಗೆ ಅನ್ನ ಬೀಳುವುದಿಲ್ಲ. ಆದರೂ ಹಣ ಬರುತ್ತದೆ, ಯಾಕೆಂದರೆ ಕೈಚಾಚಲು ನಾಚುವ ಮಧ್ಯಮ ವರ್ಗದವರಿಗೆ ಸವಾರಿ ಒಂದು ಗೌರವದ ನೆಪ ಒದಗಿಸುತ್ತದೆ. ಬೆವರು ಸುರಿಸುವವರಿಗೆ ಕೇಳುವ ಹಕ್ಕು ಬರುತ್ತದೆ.

ಬೆಂಗಳೂರಿನ ಉತ್ತರ ಭಾಗ ಇಂಥ ಸವಾರಿಗಳಿಗೆ ಹೇಳಿ ಮಾಡಿಸಿದ ಜಾಗ. ಆರ್.ಟಿ. ನಗರದವರು ಸಿಬಿಐ ರಸ್ತೆ, ಗಂಗಾನಗರದ ಮೇಲೆ, ಯಶವಂತಪುರ–ಮತ್ತಿಕೆರೆಯವರು ಬಿಇಎಲ್ ವೃತ್ತದಿಂದ ಹೊರವರ್ತುಲ ರಸ್ತೆ ಹಿಡಿದು ಬಂದರೆ ಎಲ್ಲರೂ ಕೂಡುವುದು ಹೆಬ್ಬಾಳದಲ್ಲಿ. ಅಲ್ಲಿಂದ ಬಳ್ಳಾರಿ ರಸ್ತೆ, ಅಂದರೆ ರಾಷ್ಟ್ರೀಯ ಹೆದ್ದಾರಿ 44, ಕೊಡಿಗೇಹಳ್ಳಿ, ಬ್ಯಾಟರಾಯನಪುರ, ಜಕ್ಕೂರು, ಯಲಹಂಕ ದಾಟಿ ದೇವನಹಳ್ಳಿಯತ್ತ ಸಾಗುತ್ತದೆ. ದೇವನಹಳ್ಳಿ ದಾಟಿ ಎಡಕ್ಕೆ ಹೊರಳಿದರೆ 1,478 ಮೀಟರ್ ಎತ್ತರದ ನಂದಿ ಬೆಟ್ಟ. ಹೆಬ್ಬಾಳದಿಂದ ಒಟ್ಟು ದೂರ ಐವತ್ತು ಕಿಲೋಮೀಟರಿನ ಆಸುಪಾಸು: ಸೈಕಲ್ಲಿನವರಿಗೆ ದಣಿಸುವಷ್ಟು, ಬೈಕಿನವರಿಗೆ ತಿಂಡಿಯ ಹೊತ್ತಿಗೆ ಮುಗಿಯುವಷ್ಟು. ಹೆದ್ದಾರಿಯ ಗದ್ದಲ ಬೇಡವೆನ್ನುವವರು ಯಲಹಂಕದಲ್ಲೇ ದೊಡ್ಡಬಳ್ಳಾಪುರ ರಸ್ತೆಗೆ ತಿರುಗಿ ರಾಜಾನುಕುಂಟೆಯ ಮೇಲೆ ಹೋಗುತ್ತಾರೆ. ದೂರ ಕಡಿಮೆ ಸಾಕೆನ್ನುವವರಿಗೆ ಹೆಸರಘಟ್ಟದ ಹುಲ್ಲುಗಾವಲಿದೆ. ಯಶವಂತಪುರದವರು ಮನಸ್ಸು ಮಾಡಿದರೆ ತುಮಕೂರು ರಸ್ತೆಯಲ್ಲಿ ಶಿವಗಂಗೆಗೂ ಹೋಗಬಹುದು.

ಸಹಾಯಾರ್ಥ ಸವಾರಿಯನ್ನು ಕಾರ್ಪೊರೇಟ್ ಜಗತ್ತಿನ ಆಮದು ಎಂದು ಮೂಗು ಮುರಿಯುವವರುಂಟು. ಟೀ ಶರ್ಟು, ಪದಕ, ಬ್ಯಾನರುಗಳ ಮಟ್ಟಿಗೆ ಅದು ನಿಜ. ಒಳಗಿನ ತತ್ವ ಮಾತ್ರ ಕನ್ನಡ ನಾಡಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಶಾಲೆಯ ಕಟ್ಟಡಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ‘ಸಹಾಯಾರ್ಥ ಪ್ರದರ್ಶನ’ವೆಂದು ನಾಟಕ, ಯಕ್ಷಗಾನ ಆಡಿಸಿ ಟಿಕೆಟ್ ಮಾರುತ್ತಿದ್ದರು, ಈಗಲೂ ಮಾರುತ್ತಾರೆ. ಇನ್ನೂ ಹತ್ತಿರದ ಪೂರ್ವಜನೆಂದರೆ ಸೈಕಲ್ ಸವಾರಿಯವನು. ಮೂರು–ನಾಲ್ಕು ದಶಕಗಳ ಹಿಂದೆ ಹಳ್ಳಿ, ಹೋಬಳಿಗಳಲ್ಲಿ ಬೆಳೆದವರಿಗೆ ಅವನ ನೆನಪಿರುತ್ತದೆ. ಶಾಲೆಯ ಬಯಲಿನಲ್ಲೋ ಸಂತೆಮಾಳದಲ್ಲೋ ಸುಣ್ಣದಿಂದ ಗುಂಡಗೆ ಗೆರೆ ಎಳೆದು, ನಡುವೆ ಕಂಬ ನೆಟ್ಟು, ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕಿಕೊಂಡು, ಮೂರು ದಿನವೋ ಏಳು ದಿನವೋ ನೆಲಕ್ಕೆ ಕಾಲಿಡದೆ ಸುತ್ತುತ್ತಿದ್ದ. ಹಲ್ಲುಜ್ಜುವುದು, ಉಣ್ಣುವುದು, ತಲೆಗೆ ನೀರು ಸುರಿದುಕೊಳ್ಳುವುದು ಎಲ್ಲವೂ ಸೈಕಲ್ಲಿನ ಮೇಲೆ. ಕೊನೆಯ ದಿನಗಳಲ್ಲಿ ಊರವರು ಒಂದರ, ಎರಡರ, ಐದರ ನೋಟುಗಳನ್ನು ಪಿನ್ನಿನಿಂದ ಅವನ ಅಂಗಿಗೆ ಚುಚ್ಚುತ್ತಿದ್ದರು. ಇಂಥವರ ಮಗ ಇಂಥವರು ಇಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗಲಾಗುತ್ತಿತ್ತು. ಆ ಹಣ ಅವನ ಹೊಟ್ಟೆಪಾಡಿಗೆ ಹೋಗುತ್ತಿತ್ತು, ಧರ್ಮಕಾರ್ಯಕ್ಕಲ್ಲ. ಆದರೆ ಯಂತ್ರದ ಬಿಡಿಭಾಗಗಳೆಲ್ಲ ಅಲ್ಲಿದ್ದವು: ದೇಹದಂಡನೆ, ನೋಡುವ ಜನ, ಕೊಟ್ಟವರ ಹೆಸರಿನ ಘೋಷಣೆ. ಇಂದು ಜಾಲತಾಣದ ದೇಣಿಗೆ ಪುಟದಲ್ಲಿ ಕೊಟ್ಟವರ ಹೆಸರು, ಮೊತ್ತ ಒಂದರ ಕೆಳಗೊಂದು ಬಂದು ಕೂರುವುದು ಅದೇ ಮೈಕಿನ ಕೂಗು.

ಸವಾರಿಗೆ ಈಗಿನ ಸಂಘಟಿತ ರೂಪ ಬಂದದ್ದು ಪಶ್ಚಿಮದಲ್ಲಿ, ಬಹುಮಟ್ಟಿಗೆ 1980ರ ಆಚೀಚೆ. ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡಿದ್ದ ಕೆನಡಾದ ಟೆರಿ ಫಾಕ್ಸ್ ಆ ವರ್ಷದ ಏಪ್ರಿಲ್‌ನಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲೆಂದು ಕೃತಕ ಕಾಲಿನ ಮೇಲೆ ದೇಶದ ಪೂರ್ವ ತೀರದಿಂದ ಓಡಲು ಹೊರಟು, 143 ದಿನಗಳಲ್ಲಿ 5,373 ಕಿ.ಮೀ. ಕ್ರಮಿಸಿ, ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ ನಿಲ್ಲಿಸಬೇಕಾಯಿತು. ಅದೇ ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡಿದ್ದ ಬಿಲ್ಲಿ ಸ್ಟಾರ್ 36 ಸೈಕಲ್ ಸವಾರರನ್ನು ಕಟ್ಟಿಕೊಂಡು ಡಾನಾ–ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆಂದು 10,200 ಡಾಲರ್ ಕೂಡಿಸಿದರು. ಅದು ‘ಪ್ಯಾನ್–ಮಾಸ್ ಚಾಲೆಂಜ್’ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಅಲ್ಲಿನ ನಿಯಮವೊಂದು ಗಮನಿಸುವಂಥದ್ದು: ಪ್ರತಿ ಸವಾರರೂ ಕನಿಷ್ಠ ಇಷ್ಟು ತರುತ್ತೇನೆಂದು ಒಪ್ಪಿ ಸೇರಬೇಕು, ಕಡಿಮೆ ಬಿದ್ದರೆ ಉಳಿದದ್ದನ್ನು ಸ್ವಂತ ಜೇಬಿನಿಂದ ತುಂಬಬೇಕು.

ಬೆಂಗಳೂರಿನಲ್ಲಿ 2008 ಒಂದು ತಿರುವಿನ ವರ್ಷ. ಆ ವರ್ಷದ ಮೇ ತಿಂಗಳಲ್ಲಿ ವರ್ಲ್ಡ್ 10ಕೆ ಓಟ ಆರಂಭವಾಯಿತು. ಓಟಗಾರರು ತಮಗೆ ಬೇಕಾದ ಸಂಸ್ಥೆಯನ್ನು ಆರಿಸಿಕೊಂಡು ಅದರ ಹೆಸರಿನಲ್ಲಿ ದೇಣಿಗೆ ಕೇಳುವ ಪದ್ಧತಿ ನಗರದ ಕಂಪನಿಗಳಿಗೆ ರೂಢಿಯಾದದ್ದು ಮುಖ್ಯವಾಗಿ ಅದರಿಂದ. ಅದೇ ತಿಂಗಳು ದೇವನಹಳ್ಳಿಯ ವಿಮಾನ ನಿಲ್ದಾಣ ಬಾಗಿಲು ತೆರೆಯಿತು. ಬಳ್ಳಾರಿ ರಸ್ತೆಯ ಚಹರೆಯೇ ಬದಲಾಯಿತು. ಡಿಸೆಂಬರಿನಲ್ಲಿ ಬೆಂಗಳೂರಿನ ಸೈಕಲ್ ಪ್ರಿಯರು ‘ಟೂರ್ ಆಫ್ ನೀಲಗಿರೀಸ್’ ಎಂಬ ಹಲವು ದಿನಗಳ ಯಾತ್ರೆ ಶುರು ಮಾಡಿದರು. ಬೈಕಿನವರ ಪಾಲಿಗೆ ಹೆಸರಾದದ್ದು ‘ಡಿಸ್ಟಿಂಗ್ವಿಷ್ಡ್ ಜಂಟಲ್‌ಮನ್ಸ್ ರೈಡ್’. 2012ರಲ್ಲಿ ಸಿಡ್ನಿಯ ಮಾರ್ಕ್ ಹವ್ವಾ ಹುಟ್ಟುಹಾಕಿದ ಈ ಸವಾರಿಯಲ್ಲಿ ಜನ ಸೂಟು, ಟೈ ತೊಟ್ಟು, ಹಳೆಯ ಕಾಲದ ಮಾದರಿಯ ಬೈಕುಗಳ ಮೇಲೆ ಬರುತ್ತಾರೆ. ಪುರುಷರ ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಮಾನಸಿಕ ಆರೋಗ್ಯ ಅದರ ವಿಷಯ. ಬೆಂಗಳೂರಿನವರೂ ಸೇರುತ್ತಾರೆ. ಮೇ ತಿಂಗಳ ಬಿಸಿಲಿನಲ್ಲಿ ಕೋಟು ತೊಟ್ಟು ಸಿಗ್ನಲಿನಲ್ಲಿ ನಿಲ್ಲುವುದೂ ಒಂದು ಬಗೆಯ ತಪಸ್ಸೇ. ಇವೆಲ್ಲಕ್ಕಿಂತ ಹೆಚ್ಚು ಬದಲಾವಣೆ ತಂದದ್ದು ಮಾತ್ರ ಹಣ ಕಳಿಸುವ ದಾರಿ. 2010ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮಿಲಾಪ್‌ನಂಥ ಜಾಲತಾಣಗಳು, 2016ರಲ್ಲಿ ಬಂದ ಯುಪಿಐ ಸೇರಿ, ಚಂದಾ ಪುಸ್ತಕ ಹಿಡಿದು ಮನೆಮನೆ ಸುತ್ತುವ ಕೆಲಸವನ್ನು ಮೊಬೈಲಿನ ಒಂದು ಸಂದೇಶಕ್ಕೆ ಇಳಿಸಿದವು.

ಸಂದೇಶ ಕಳಿಸುವುದು ಸುಲಭ. ಅದರಿಂದ ಹಣ ಬರುವುದು ಹೇಗೆ ಎಂಬುದನ್ನು ತಿಳಿಯಲು ಹಳೇ ಮೈಸೂರಿನ ಮದುವೆಮನೆಗೆ ಹೋಗಬೇಕು. ಊಟದ ಮನೆಯ ಬಾಗಿಲಲ್ಲಿ ಮೇಜಿನ ಮುಂದೆ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಬಂದವರು ಮುಯ್ಯಿ ಕೊಡುತ್ತಾರೆ. ಹೆಸರು, ಊರು, ಮೊತ್ತ ಬರೆಯಲಾಗುತ್ತದೆ. ನಾಳೆ ಅವರ ಮನೆಯ ಮದುವೆಗೆ ಹೋಗುವಾಗ ಆ ಪುಸ್ತಕ ತೆರೆದು ನೋಡಿ, ಅಷ್ಟನ್ನೋ ಸ್ವಲ್ಪ ಹೆಚ್ಚನ್ನೋ ಕೊಡುವುದು ಪದ್ಧತಿ. ಸಹಾಯಾರ್ಥ ಸವಾರಿಯ ದೇಣಿಗೆ ಹೆಚ್ಚಿನ ಪಾಲು ಇದೇ ಲೆಕ್ಕದಲ್ಲಿ ನಡೆಯುತ್ತದೆ. ಕೊಡುವವರು ಸಂಸ್ಥೆಯ ಹೆಸರನ್ನು ಎರಡನೇ ಸಲ ಓದಿರುವುದಿಲ್ಲ. ಕೇಳಿದವರ ಮುಖ ನೋಡಿ ಕೊಟ್ಟಿರುತ್ತಾರೆ. ಹೋದ ವರ್ಷ ನಮ್ಮ ಮಗಳ ಓಟಕ್ಕೆ ಐನೂರು ಕೊಟ್ಟ ಸಹೋದ್ಯೋಗಿ ಈ ವರ್ಷ ಸೈಕಲ್ ಏರಿದರೆ ಐನೂರಕ್ಕೆ ಕಡಿಮೆ ಕಳಿಸಲು ಯಾರಿಗೂ ಕೈ ಬರುವುದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಿತಿ ಇದೆ: ಒಂದೇ ಬಳಗವನ್ನು ವರ್ಷಕ್ಕೆ ಮೂರು ಸಲ ಕೇಳಿದರೆ ಗಣೇಶನ ಚಂದಾದವರನ್ನು ಕಂಡು ಬಾಗಿಲು ಹಾಕಿಕೊಳ್ಳುವಂತೆ ಜನ ಸಂದೇಶ ನೋಡಿಯೂ ನೋಡದಂತಿರುತ್ತಾರೆ.

ಈ ನಡವಳಿಕೆಯನ್ನು ಅರ್ಥಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ಅಳೆದಿದ್ದಾರೆ. 2010ರ ಲಂಡನ್ ಮ್ಯಾರಥಾನಿನ ಓಟಗಾರರ ದೇಣಿಗೆ ಪುಟಗಳನ್ನು ಅಭ್ಯಸಿಸಿದ ಸಾರಾ ಸ್ಮಿತ್ ಮತ್ತು ಸಂಗಡಿಗರು, ಪುಟದಲ್ಲಿ ಒಂದು ದೊಡ್ಡ ಮೊತ್ತ ಕಾಣಿಸಿಕೊಂಡರೆ ಅದರ ನಂತರ ಬರುವವರೂ ಹೆಚ್ಚು ಕೊಡುತ್ತಾರೆಂದು ಕಂಡುಕೊಂಡರು. ಅದಕ್ಕೇ ಅನುಭವಿ ಸವಾರರು ಪುಟವನ್ನು ಎಲ್ಲರಿಗೂ ಕಳಿಸುವ ಮೊದಲು ಉದಾರಿಯಾದ ಒಬ್ಬ ಮಾವನಿಗೆ ಗುಟ್ಟಾಗಿ ಕಳಿಸುತ್ತಾರೆ. ಕ್ರಿಸ್ಟಫರ್ ಒಲಿವೋಲಾ ಮತ್ತು ಎಲ್ಡಾರ್ ಶಫೀರ್ 2013ರಲ್ಲಿ ಇನ್ನೊಂದು ವಿಷಯ ಪ್ರಕಟಿಸಿದರು: ಸುಖವಾಗಿ ಕೂತು ಉಣ್ಣುವ ಕಾರ್ಯಕ್ರಮಕ್ಕಿಂತ ಮೈ ನೋಯುವ, ದಣಿಸುವ ಕಾರ್ಯಕ್ರಮಕ್ಕೆ ಜನ ಹೆಚ್ಚು ಕೊಡಲು ಸಿದ್ಧರಿರುತ್ತಾರೆ. ಉರುಳುಸೇವೆ, ಬರಿಗಾಲಿನ ಪಾದಯಾತ್ರೆ ಕಂಡ ನಾಡಿಗೆ ಇದೇನು ಹೊಸ ಸುದ್ದಿಯಲ್ಲ. ಸೈಕಲ್ಲಿನವರು ಬೈಕಿನವರಿಗಿಂತ ಸುಲಭವಾಗಿ ಹಣ ಎತ್ತುವುದಕ್ಕೂ ಕಾರಣ ಇಲ್ಲೇ ಇದೆ. ನಂದಿಯ ನಲವತ್ತು ತಿರುವುಗಳನ್ನು ತುಳಿದೇ ಹತ್ತುವವರಿಗೆ ಕೊಡಬಹುದು; ಅದೇ ಬೆಟ್ಟವನ್ನು ಎಂಜಿನ್ನಿನ ಬಲದಿಂದ ಹತ್ತಿ ಇಡ್ಲಿ ತಿಂದು ಬರುವವರಿಗೆ ಯಾಕೆ ಕೊಡಬೇಕು ಎಂಬ ಪ್ರಶ್ನೆ ಕೇಳದೆಯೂ ಕೇಳಿಸುತ್ತದೆ. ಹಾಗಾಗಿ ಬೈಕ್ ಕೂಟಗಳು ಸಾಮಾನು ಒಯ್ಯುವ ದಾರಿ ಹಿಡಿಯುತ್ತವೆ. ಪ್ರತಿಯೊಬ್ಬರ ಹಿಂದಿನ ಸೀಟಿಗೂ ಒಂದು ಕಟ್ಟು ನೋಟ್‌ಬುಕ್ಕೋ ಕಂಬಳಿಯೋ ಬಿಗಿದು, ಹಳ್ಳಿಯ ಶಾಲೆಯ ಮುಂದೆ ಇಳಿಸಿ ಬರುವ ಸವಾರಿಯಲ್ಲಿ ಬೈಕಿಗೂ ಒಂದು ಕೆಲಸ ಸಿಗುತ್ತದೆ.

ಸವಾರಿಯ ಹಣದಲ್ಲಿ ಎರಡು ಪಾಲುಗಳಿರುತ್ತವೆ: ನೋಂದಣಿ ಶುಲ್ಕ ಮತ್ತು ದೇಣಿಗೆ. ಹೊಸಬರು ಬಹಳ ಸಲ ಎಡವುವುದು ಈ ಎರಡನ್ನೂ ಒಂದೇ ಎಂದು ತಿಳಿದು. ಒಂದು ಲೆಕ್ಕ ಹಾಕಿ ನೋಡಬಹುದು. ನೂರು ಸವಾರರು, ತಲೆಗೆ ಸಾವಿರ ರೂಪಾಯಿ ಶುಲ್ಕ. ಅಂಗಿ, ಪದಕ, ತಿಂಡಿ, ನೀರು, ಆಂಬುಲೆನ್ಸ್, ಬ್ಯಾನರು, ಛಾಯಾಗ್ರಾಹಕ ಎಂದು ತಲೆಗೆ 850 ರೂಪಾಯಿ ಖರ್ಚಾಯಿತೆಂದುಕೊಂಡರೆ ಸಂಸ್ಥೆಗೆ ಉಳಿಯುವುದು ಒಟ್ಟು 15,000. ಅದೇ ನೂರು ಜನರಲ್ಲಿ ಪ್ರತಿಯೊಬ್ಬರೂ ಇಪ್ಪತ್ತು ಪರಿಚಿತರಿಂದ ಐನೂರರಂತೆ ತಂದರೆ ಹತ್ತು ಲಕ್ಷ. ಮೊದಲನೆಯದು ಸಹಾಯಾರ್ಥದ ಹೆಸರಿನ ವಿಹಾರ. ಎರಡನೆಯದು ಸಹಾಯಾರ್ಥ ಸವಾರಿ. ಪ್ರಾಮಾಣಿಕ ಸಂಘಟಕರು ಖರ್ಚನ್ನು ಶುಲ್ಕ ಮತ್ತು ಪ್ರಾಯೋಜಕರಿಂದ ತೂಗಿಸಿ, ಸವಾರರು ತಂದ ದೇಣಿಗೆಯನ್ನು ಮುಟ್ಟದೆ ಸಂಸ್ಥೆಗೆ ದಾಟಿಸುತ್ತಾರೆ. ಪೋಸ್ಟರಿನಲ್ಲಿ ‘ಗಳಿಕೆಯ ಒಂದು ಭಾಗ’ ಎಂದಷ್ಟೇ ಇದ್ದರೆ, ಆ ಭಾಗ ಎಷ್ಟು ಎಂದು ಕೇಳುವುದು ಅಸಭ್ಯತೆಯಲ್ಲ.

ದೇಣಿಗೆ ಯಾರ ಖಾತೆಗೆ ಹೋಗುತ್ತದೆ ಎಂಬುದು ಅದಕ್ಕಿಂತ ಮುಖ್ಯ. ಗುಂಪಿನ ಮುಖಂಡರ ಸ್ವಂತ ಖಾತೆಗೆ ಹಣ ಕೂಡಿಸಿ ನಂತರ ಒಟ್ಟಾಗಿ ಕೊಡುವ ರೂಢಿ ಸಣ್ಣ ಗುಂಪುಗಳಲ್ಲಿದೆ. ಅದರಲ್ಲಿ ದುರುದ್ದೇಶ ಇಲ್ಲದಿದ್ದರೂ ತೊಡಕಿದೆ, ಯಾಕೆಂದರೆ ಕೊಟ್ಟ ಮೂವತ್ತು ಜನರಲ್ಲಿ ಒಬ್ಬರಿಗೂ ತೆರಿಗೆ ವಿನಾಯಿತಿಯ ರಸೀದಿ ಸಿಗುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮು ರೂಪಿಸಿದ ವ್ಯವಸ್ಥೆಯಲ್ಲಿ ವಿನಾಯಿತಿ ಸಿಗುವುದು ಮಾನ್ಯತೆ ಪಡೆದ ಸಂಸ್ಥೆಗೆ ನೇರವಾಗಿ ಕೊಟ್ಟಾಗ ಮಾತ್ರ. ನಗದಾಗಿ ಕೊಟ್ಟರೆ 2,000 ರೂಪಾಯಿವರೆಗೆ ಮಾತ್ರ. ಅಕ್ಕಿ, ಕಂಬಳಿ, ನೋಟ್‌ಬುಕ್ಕಿನ ರೂಪದಲ್ಲಿ ಕೊಟ್ಟದ್ದು ಲೆಕ್ಕಕ್ಕಿಲ್ಲ. ಅಂಗಿ, ತಿಂಡಿ ಪಡೆದು ಕಟ್ಟಿದ ನೋಂದಣಿ ಶುಲ್ಕವೂ ದೇಣಿಗೆಯಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಹಾಗಾಗಿ ‘ಕೊಡಿ, ತೆರಿಗೆ ಉಳಿಯುತ್ತದೆ’ ಎಂಬ ಹಳೆಯ ಮಾತು ಈಗ ಎಲ್ಲರಿಗೂ ಹೊಂದುವುದಿಲ್ಲ.

ವಿದೇಶದಲ್ಲಿರುವ ಬಂಧುಗಳನ್ನು ಕೇಳುವಾಗ ಇನ್ನೊಂದು ಎಚ್ಚರ ಬೇಕು. ಯಲಹಂಕದ ಮನೆಯ ಮಗ ಡಲ್ಲಾಸಿನಲ್ಲಿದ್ದು ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದರೆ, ಅವನು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಪಕ್ಕದ ಮನೆಯ ಅಕ್ಕ ಅಮೆರಿಕದ ಪ್ರಜೆಯಾಗಿದ್ದರೆ, ಕೈಯಲ್ಲಿ ಒಸಿಐ ಕಾರ್ಡ್ ಇದ್ದರೂ, ಅವಳ ಹಣ ವಿದೇಶಿ ದೇಣಿಗೆಯೇ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಾಯಿಸಿದ, ಇಲ್ಲವೇ ಪೂರ್ವಾನುಮತಿ ಪಡೆದ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯ ಮೂಲಕ. ಒಂದೇ ಬೀದಿಯ ಇಬ್ಬರು, ಒಂದೇ ಸವಾರಿಗೆ ಕೊಟ್ಟ ನೂರು ಡಾಲರಿಗೆ ಎರಡು ಕಾನೂನು.

ಕೊಡಬೇಕೆನ್ನುವವರಿಗೆ ಉತ್ತರ ಬೆಂಗಳೂರಿನಲ್ಲೇ ಹೆಸರುಗಳಿವೆ. ಯಶವಂತಪುರದ ಪಕ್ಕದ ಹರೇಕೃಷ್ಣ ಗಿರಿಯಿಂದ 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಒಯ್ಯಲು ಶುರುಮಾಡಿದ ಅಕ್ಷಯ ಪಾತ್ರ, ಬಡ ಮಕ್ಕಳಿಗಾಗಿ ಸಹಕಾರನಗರದಲ್ಲೂ ಶಾಲೆ ನಡೆಸುವ ಪರಿಕ್ರಮ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಪ್ರಾಣಿಗಳಿಗೆ ಆಸರೆಯಾದ ಕ್ಯೂಪಾ, 1973ರಿಂದ ಬಳ್ಳಾರಿ ರಸ್ತೆಯಲ್ಲಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆ. ದಿನವೂ ಯಾವ ಸಂಸ್ಥೆಯ ಮುಂದೆ ಹಾದುಹೋಗುತ್ತೇವೋ ಅದಕ್ಕೆಂದು ಹಣ ಕೇಳಿದರೆ, ಯಾಕೆ ಎಂಬುದಕ್ಕೆ ಉತ್ತರ ಹೇಳುವುದು ಸುಲಭ. ಕೊಟ್ಟವರು ಒಂದು ದಿನ ಹೋಗಿ ನೋಡಲೂಬಹುದು.

ಎಲ್ಲ ಸವಾರಿಗಳೂ ಹಣಕ್ಕಾಗಿ ನಡೆಯುವುದಿಲ್ಲ. ಸ್ವತಃ ಸೈಕಲ್ ಪ್ರಿಯರಾಗಿದ್ದ ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲೇ ಹುಟ್ಟಿಕೊಂಡಿತು. ನೇತ್ರದಾನ, ರಕ್ತದಾನಗಳ ಹೆಸರಿನ ಸವಾರಿಯಲ್ಲಿ ಕೇಳುವುದು ಸಹಿಯನ್ನು, ತೋಳನ್ನು. ಎಷ್ಟು ಜನ ಕೊಟ್ಟರೆಂದು ಕೊನೆಗೆ ಎಣಿಸಬಹುದು. ‘ಜಾಗೃತಿಗಾಗಿ’ ಎಂದಷ್ಟೇ ಬರೆದುಕೊಂಡು ಹೊರಡುವ ಸವಾರಿಗಳಲ್ಲಿ ಎಣಿಸಲು ಏನೂ ಇರುವುದಿಲ್ಲ. ಭಾನುವಾರ ಬೆಳಿಗ್ಗೆ ಐದೂವರೆಗೆ ಸೈಲೆನ್ಸರಿನ ಸದ್ದಿಗೆ ಎದ್ದ ಜಕ್ಕೂರಿನವರಿಗೆ ಯಾವುದರ ಬಗ್ಗೆ ಜಾಗೃತಿ ಮೂಡಿತೆಂದು ಹೇಳುವುದು ಕಷ್ಟ.

ರಸ್ತೆಯ ಮೇಲಿನ ಶಿಸ್ತು ಹಣದ ಶಿಸ್ತಿನಷ್ಟೇ ದೊಡ್ಡ ವಿಷಯ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ನಡೆಸಲು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಬೇಕು. ಅದಕ್ಕೇ ಬೈಕ್ ಸವಾರಿಯ ಪೋಸ್ಟರುಗಳಲ್ಲಿ ‘ಇದು ರೇಸ್ ಅಲ್ಲ’ ಎಂಬ ಸಾಲು ತಪ್ಪದೆ ಇರುತ್ತದೆ. ದೊಡ್ಡ ಗುಂಪಾದರೆ ಸಂಚಾರ ಪೊಲೀಸರಿಗೆ ಮುಂಚಿತವಾಗಿ ಪತ್ರ ಕೊಡಬೇಕು. ನಂದಿ ಬೆಟ್ಟ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ; ನಗರದ ಪೊಲೀಸರ ಒಪ್ಪಿಗೆ ಅಲ್ಲಿಗೆ ಸಾಲದು. ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವ ಫೆಬ್ರುವರಿಯ ದಿನಗಳಲ್ಲಿ ಬಳ್ಳಾರಿ ರಸ್ತೆಯ ಆಸೆ ಬಿಡುವುದೇ ಮೇಲು.

ನೂರು ಬೈಕುಗಳು ಒಟ್ಟಿಗೆ ಹೋದರೆ ಎಷ್ಟು ಉದ್ದ? ಅನುಭವಿಗಳು ಒಬ್ಬರ ಹಿಂದೆ ಒಬ್ಬರು ನೇರವಾಗಿ ಹೋಗದೆ, ಲೇನಿನ ಎಡಬಲಕ್ಕೆ ಹೆಜ್ಜೆ ಬದಲಿಸಿದಂತೆ ಸಾಗುತ್ತಾರೆ: ಓರೆಯಲ್ಲಿರುವವರಿಗೂ ತಮಗೂ ಒಂದು ಸೆಕೆಂಡ್, ನೇರ ಮುಂದಿನವರಿಗೂ ತಮಗೂ ಎರಡು ಸೆಕೆಂಡ್ ಅಂತರ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಎಂದರೆ ಸುಮಾರು 17 ಮೀಟರ್. ನೂರು ಬೈಕಿಗೆ ಹೆಚ್ಚುಕಡಿಮೆ 1.7 ಕಿಲೋಮೀಟರ್. ಒಂದು ಸಿಗ್ನಲ್ ಕೆಂಪಾದರೆ ಸಾಲು ತುಂಡಾಗುತ್ತದೆ. ತುಂಡನ್ನು ಸೇರಿಸಲು ಹಿಂದಿನವರು ವೇಗ ಹೆಚ್ಚಿಸುತ್ತಾರೆ. ಅಪಘಾತ ಕಾದಿರುವುದು ಅಲ್ಲೇ. ಅದಕ್ಕೇ ಹತ್ತು–ಹನ್ನೆರಡು ಬೈಕುಗಳ ತಂಡ ಮಾಡಿ, ಪ್ರತಿ ತಂಡಕ್ಕೂ ಮುಂದೆ ಒಬ್ಬರು ಲೀಡ್, ಕೊನೆಯಲ್ಲಿ ಒಬ್ಬರು ಸ್ವೀಪ್ ಎಂದು ನೇಮಿಸಿ, ಕೆಲವು ನಿಮಿಷಗಳ ಅಂತರದಲ್ಲಿ ಬಿಡುವುದು. ಸ್ವೀಪನ್ನು ದಾಟಿ ಯಾರೂ ಹಿಂದೆ ಉಳಿಯಬಾರದು, ಲೀಡನ್ನು ದಾಟಿ ಯಾರೂ ಮುಂದೆ ಹೋಗಬಾರದು.

ಹೊರಡುವ ಹೊತ್ತಿನ ದೃಶ್ಯ ಎಲ್ಲ ಸವಾರಿಗಳಲ್ಲೂ ಒಂದೇ. ಇನ್ನೂ ಕತ್ತಲು. ಹೆಬ್ಬಾಳದ ಸರ್ವಿಸ್ ರಸ್ತೆಯ ಬದಿಯಲ್ಲಿ ಸೈಕಲ್ಲುಗಳ ಕೆಂಪು ದೀಪಗಳು ಮಿಣುಕುತ್ತಿರುತ್ತವೆ. ಒಬ್ಬರು ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿ, ಮೊಬೈಲಿನ ಬೆಳಕಿನಲ್ಲಿ ‘ಏನಾದರೂ ಆದರೆ ನಾನೇ ಹೊಣೆ’ ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಓದುವವರು ಯಾರೂ ಇಲ್ಲ. ಬೆನ್ನಿಗೆ ಚುಚ್ಚಿದ ಬಿಬ್ಬಿನ ಮೇಲೆ ಸಂಖ್ಯೆಯ ಜೊತೆಗೆ ಈಗ ಕ್ಯೂಆರ್ ಕೋಡ್ ಕೂಡ ಇರುವುದುಂಟು. ತಿಂಡಿಗೆ ನಿಂತಾಗ ಹೋಟೆಲಿನವರೇ ಸ್ಕ್ಯಾನ್ ಮಾಡಿ ಐವತ್ತು ರೂಪಾಯಿ ಹಾಕಲಿ ಎಂದು. ಅಂಗಿಗೆ ನೋಟು ಚುಚ್ಚುತ್ತಿದ್ದ ಪಿನ್ನೇ ಇಲ್ಲಿ ಕೋಡನ್ನು ಹಿಡಿದುಕೊಂಡಿದೆ.

ಸೈಕಲ್ಲಿನವರಿಗೆ ಕಷ್ಟ ಹತ್ತುವುದರಲ್ಲಿದೆ, ಅಪಾಯ ಇಳಿಯುವುದರಲ್ಲಿ. ಬೆಟ್ಟದ ಏಳೆಂಟು ಕಿಲೋಮೀಟರ್ ಹತ್ತಲು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಬೇಕಾಗಬಹುದು. ಇಳಿಯಲು ಹದಿನೈದು ನಿಮಿಷ ಸಾಕು. ಅದೇ ಹೊತ್ತಿಗೆ ಸೂರ್ಯೋದಯ ನೋಡಲು ತಡವಾದ ಕಾರುಗಳು ಎದುರು ಬರುತ್ತಿರುತ್ತವೆ. ಸೈಕಲ್ಲಿಗೆ ಹೆಲ್ಮೆಟ್ಟನ್ನು ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿಲ್ಲ, ಸಂಘಟಕರು ಮಾಡುತ್ತಾರೆ. ತಿರುವಿನಲ್ಲಿ ಒಬ್ಬೊಬ್ಬ ಸ್ವಯಂಸೇವಕ, ಹಿಂದೆ ಒಂದು ವ್ಯಾನು, ಪಂಕ್ಚರ್ ಸಾಮಾನು, ಒಆರ್‌ಎಸ್ ಪುಡಿ, ಬಾಳೆಹಣ್ಣು ಇದ್ದರೆ ಐವತ್ತು ಜನರ ಸವಾರಿ ಸುಸೂತ್ರ.

ಸವಾರಿ ಮುಗಿದ ಮೇಲಿನ ಕೆಲಸ ನೀರಸ, ಬಹಳಷ್ಟು ಗುಂಪುಗಳು ಸೋಲುವುದೂ ಅಲ್ಲೇ. ವಾರದೊಳಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಕೊಟ್ಟೆವು ಎಂಬ ಮೂರು ಸಾಲಿನ ಲೆಕ್ಕವನ್ನು ಕೊಟ್ಟವರಿಗೆಲ್ಲ ಕಳಿಸಬೇಕು. ಮಾತು ಕೊಟ್ಟು ಕೊಡದವರನ್ನು ಇನ್ನೊಮ್ಮೆ ನೆನಪಿಸಬೇಕು. ಬೆಟ್ಟದ ಮೇಲೆ ತೆಗೆದ ಒಂದು ಚಿತ್ರ ಜೊತೆಗಿದ್ದರೆ ನೆನಪಿಸುವುದು ಸುಲಭವಾಗುತ್ತದೆ. ಸಂಸ್ಥೆಯ ಕೈಗೆ ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಸಂಖ್ಯೆಗಳ ಪಟ್ಟಿ ಸೇರಬೇಕು. ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರೊಳಗೆ ಸಂಸ್ಥೆ ನಿಗದಿತ ನಮೂನೆಯಲ್ಲಿ ಈ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ಕೊಟ್ಟವರಿಗೆ ದೇಣಿಗೆಯ ಪ್ರಮಾಣಪತ್ರ ನೀಡುತ್ತದೆ. 2021–22ರಿಂದ ಈ ಕ್ರಮ ಜಾರಿಗೆ ಬಂದಿದೆ. ಡಿಸೆಂಬರಿನ ಚಳಿಯಲ್ಲಿ ನಡೆದ ಸವಾರಿಯ ಕಾಗದ ಮುಂದಿನ ಬೇಸಿಗೆಯಲ್ಲಿ ಕೈಸೇರುತ್ತದೆ. ಪ್ಯಾನಿನ ಒಂದು ಅಕ್ಷರ ತಪ್ಪಾಗಿ ಬರೆದಿದ್ದರೆ ಬೇರೆಯವರ ಹೆಸರಿಗೆ ಹೋಗುತ್ತದೆ, ಇಲ್ಲವೇ ಬರುವುದೇ ಇಲ್ಲ.